ನಾಲಿಗೆಯ ಕೆಳಗಿನ ಮಾತ್ರೆ

ಮೊದಲು ಅದನ್ನು ದಣಿವು ಅಂದುಕೊಂಡೆ.

ಹರಪನಹಳ್ಳಿಯಲ್ಲಿ ಮೆಕ್ಕೆಜೋಳದ ಚೀಲ ಹೊರುವವನು ನಾನು. ಸೊಂಟನೋವಿಗೆಂದು ನುಂಗಲು ಶುರುಮಾಡಿದ ಮಾತ್ರೆ ಚಟವಾಗಿ, ಅದಿಲ್ಲದೆ ಏಳಲಾಗದಂತಾಗಿತ್ತು. ಅದನ್ನು ಬಿಡಿಸಲು ದಾವಣಗೆರೆಯ ಡಾಕ್ಟರು ನಾಲಿಗೆಯ ಕೆಳಗಿಡುವ ಬುಪ್ರೆನಾರ್ಫಿನ್ ಮಾತ್ರೆ ಕೊಟ್ಟರು. ಒಂದು ವರ್ಷ ನೆಟ್ಟಗಿದ್ದೆ. ಊಟ ಸೇರಿತು. ಹೆಂಡತಿ ಗಿರಿಜಾ ಮತ್ತೆ ನಕ್ಕು ಮಾತಾಡತೊಡಗಿದಳು.

ಆದರೆ ಅವಳ ಹತ್ತಿರ ಹೋದರೆ ದೇಹ ಏಳುತ್ತಿರಲಿಲ್ಲ. ಬರಬರುತ್ತ ಆಸೆಯೂ ಹುಟ್ಟದಾಯಿತು.

"ಬ್ಯಾರೆ ಯಾರರ ಅದಾರೇನ್ರಿ?" ಒಂದು ಮಧ್ಯಾಹ್ನ ರೊಟ್ಟಿ ತಟ್ಟುತ್ತಲೇ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಚುಚ್ಚಿತು.

"ಇಲ್ಲ" ಅಂದೆ.

ಇದು ಮಾತ್ರೆಯದೇ ಕೆಲಸ ಅನ್ನಿಸಿ, ಯಾರಿಗೂ ಹೇಳದೆ ನಿಲ್ಲಿಸಿಬಿಟ್ಟೆ.

ಮೂರನೇ ದಿನ ಬೆವರು, ಭೇದಿ, ಕಾಲುಗಳಲ್ಲಿ ತಡೆಯಲಾಗದ ಸೆಳೆತ. ಐದನೇ ದಿನ ಹಳೇ ಮಾತ್ರೆ ಸಿಗುವ ಕಡೆಗೆ ಹೊರಟೆ. ಗಿರಿಜಾ ಬಾಗಿಲಿಗೆ ಅಡ್ಡ ನಿಂತಳು. ನಾನು ತೆಗೆದುಕೊಳ್ಳದೆ ಬಚ್ಚಿಟ್ಟಿದ್ದ ಮಾತ್ರೆಗಳು ಅವಳ ಕೈಯಲ್ಲಿದ್ದವು.

ಎಲ್ಲ ಹೇಳಿಬಿಟ್ಟೆ. ಅವಳು ಹೊಸ್ತಿಲ ಮೇಲೆ ಕುಳಿತಳು.

"ಇಷ್ಟ ಏನ್ರಿ? ನಾ ಏನೇನೋ ತಿಳ್ಕೊಂಡು ಒಬ್ಬಾಕಿನ ಅತ್ತೀನಿ. ನಡ್ರಿ, ಡಾಕ್ಟರ್ ಹತ್ರ ಹೋಗೂಣು."

ಡಾಕ್ಟರು ಹೆಣ್ಣುಮಗಳು. ನಾನು ತಲೆ ತಗ್ಗಿಸಿ ಕುಳಿತೆ. ಗಿರಿಜಾಳೇ ಹೇಳಿದಳು: "ಗಂಡ ಹೆಂತಿ ಸುದ್ದಿ ಐತ್ರಿ ಮೇಡಂ. ಈ ಗುಳಿಗಿ ಹತ್ತಿದಾಗಿಂದ ಅದು ನಿಂತೈತಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಈ ಮಾತ್ರೆ ತಗೊಳ್ಳೋ ಗಂಡಸರಿಗೆ ಹೀಗಾಗೋದುಂಟು. ನಾನೇ ಮೊದಲು ಕೇಳಬೇಕಿತ್ತು. ಆದ್ರೆ ನೀವಾಗೇ ನಿಲ್ಲಿಸಬೇಡಿ. ಹಳೇ ಚಟಕ್ಕೆ ಮತ್ತೆ ಬಿದ್ರೆ ಜೀವಕ್ಕೇ ಅಪಾಯ."

ರಕ್ತಪರೀಕ್ಷೆಯಲ್ಲಿ ಟೆಸ್ಟೋಸ್ಟೆರಾನ್ ಎಂಬ ಗಂಡಸರ ಹಾರ್ಮೋನು ಕಡಿಮೆ ಬಂತು. ಮಾತ್ರೆ ಮತ್ತೆ ಶುರುವಾಯಿತು. ಮೈ ನೆಲೆಗೆ ಬಂದ ಮೇಲೆ ಡೋಸ್ ತುಸುತುಸುವೇ ಇಳಿಸಿದರು. ನಾನು ಸೇದುವ ಬೀಡಿಯೂ ಇದಕ್ಕೆ ಕೆಟ್ಟದ್ದೆಂದು ಅದನ್ನೂ ಬಿಡಿಸಿದರು.

ಈಗ ಆರು ತಿಂಗಳು. ಪೂರ್ತಿ ಸರಿಹೋಗಿಲ್ಲ. ಕೆಲವು ಸಲ ಆಗುತ್ತದೆ, ಕೆಲವು ಸಲ ಇಲ್ಲ. ಆಗದಿದ್ದಾಗ ಗೋಡೆಯ ಕಡೆ ತಿರುಗಿ ಮಲಗುವುದನ್ನು ಬಿಟ್ಟಿದ್ದೇನೆ. "ಇರ್ಲಿ ಬಿಡ್ರಿ" ಅಂದು ಅವಳು ನನ್ನ ತೋಳ ಮೇಲೆ ತಲೆಯಿಡುತ್ತಾಳೆ. ಮದುವೆಯಾದ ಹನ್ನೊಂದು ವರ್ಷಗಳಲ್ಲಿ ನಾವು ಎಂದೂ ಇಷ್ಟು ಮಾತಾಡಿರಲಿಲ್ಲ.

ಕಳೆದ ವಾರ ಆಸ್ಪತ್ರೆಯ ಬೆಂಚಿನ ಮೇಲೆ ನೀಲಗುಂದದವನೊಬ್ಬ ಪಕ್ಕದಲ್ಲಿ ಕೂತಿದ್ದ. "ಅಣ್ಣಾ, ಈ ಗುಳಿಗಿ ತಗೊಂಡ್ರ..." ಅಂದವನು ಅಲ್ಲಿಗೇ ನಿಲ್ಲಿಸಿ ನೆಲ ನೋಡಿದ.

"ನನಗೂ ಆಗೇತಿ" ಅಂದೆ. "ಒಳಗ ಹೋಗಿ ಬಾಯಿಬಿಟ್ಟು ಹೇಳು. ಗುಳಿಗಿ ಮಾತ್ರ ಬಿಡಬ್ಯಾಡ."