ಬೆನ್ನು ತೋರಿಸಿದ ಲೈಸೆನ್ಸ್

ಸರ್ಕಾರಿ ಶಾಲೆಯ ಮೂಲೆಕೋಣೆಯಲ್ಲಿ ಆಟಿಸಂ ಇರುವ ಮಕ್ಕಳೊಂದಿಗೆ ಹದಿನಾಲ್ಕು ವರ್ಷ ಏಗಿದವಳನ್ನು ಶಾಲೆಗೆ ಶಾಲೆಯೇ ದೊಡ್ಡಮ್ಮ ಎನ್ನುತ್ತಿತ್ತು. ಈ ಕೆಲಸಕ್ಕೆ ಇನ್ನು ಲೈಸೆನ್ಸ್ ಬೇಕೆಂದು ಹೊಸ ನಿಯಮ ಬಂದಾಗ, "ಹಲ್ಲು ಬೀಳೋ ಕಾಲಕ್ಕೆ ಪರೀಕ್ಷೆಯಂತೆ!" ಎಂದು ಗೊಣಗುತ್ತಲೇ ಬರೆದು ಪಾಸಾದಳು.

ಲೈಸೆನ್ಸನ್ನು ಕೋಣೆಯ ಗೋಡೆಗೆ ತೂಗುಹಾಕಬೇಕೆಂಬುದೂ ನಿಯಮವೇ. ಆದರೆ ಆ ಕೋಣೆಯ ಪುಟ್ಟಿಗೆ ಗೋಡೆಯ ಮೇಲೆ ಹೊಸದೇನು ಕಂಡರೂ ಆಗದು. ಕ್ಯಾಲೆಂಡರನ್ನು ಮೂರು ಸಲ ಕಿತ್ತೆಸೆದಿದ್ದಳು. ಇದು ಬೆಣ್ಣೆಯಿಂದ ಕೂದಲು ತೆಗೆಯುವಂಥ ಕೆಲಸವೆಂದು ದೊಡ್ಡಮ್ಮನಿಗೆ ಗೊತ್ತು. ಮೊದಲ ವಾರ ಬರೀ ಮೊಳೆ ಹೊಡೆದಳು. ಎರಡನೆಯ ವಾರ ಖಾಲಿ ಚೌಕಟ್ಟು ನೇತುಹಾಕಿದಳು. ಮೂರನೆಯ ವಾರ ಅದರೊಳಗೆ ಲೈಸೆನ್ಸನ್ನು ಹಿಂದುಮುಂದಾಗಿ ಕೂರಿಸಿದಳು.

ಆ ವಾರವೇ ತಪಾಸಣೆಯ ಅಧಿಕಾರಿ ವಕ್ಕರಿಸಿದ.

"ಏನಮ್ಮಾ ಇದು, ಬರೀ ಬಿಳಿ ಹಾಳೆ!" ಎಂದು ಚೌಕಟ್ಟಿನತ್ತ ಕೈ ಚಾಚಿದ.

"ಮುಟ್ಬೇಡಿ ಸಾರ್. ಅಕ್ಷರಾನ ಸೋಮವಾರ ತೋರಿಸ್ತೀನಿ."

"ಲೈಸೆನ್ಸ್ ಓದಿ ನೋಡದೆ, ನಿಮಗೆ ಈ ಕೆಲಸ ಬರುತ್ತೆ ಅಂತ ನಾನು ಹೇಗೆ ನಂಬ್ಲಿ?"

ಅದೇ ಗೋಡೆಗೆ ಒರಗಿ ತನ್ನ ಪಾಡಿಗೆ ಮಣಿ ಪೋಣಿಸುತ್ತಿದ್ದ ಪುಟ್ಟಿಯನ್ನು ನೋಡಿ ದೊಡ್ಡಮ್ಮ ನಕ್ಕಳು.

"ಹಾಕಿ ನಾಲ್ಕು ದಿನ ಆಯ್ತು ಸಾರ್, ಇನ್ನೂ ಗೋಡೆ ಮೇಲೇ ಇದೆಯಲ್ಲ!"