ಪ್ಲಂಬಿಂಗ್ ಕೋರ್ಸಿಗೆ ಅಕ್ಕನ ಅರ್ಜಿ

ಬೆಳಗ್ಗೆ ಏಳೂವರೆಗೆ ಅಕ್ಕ ವೃತ್ತಿ ತರಬೇತಿ ಕೇಂದ್ರದ ಪ್ಲಂಬಿಂಗ್ ತರಗತಿಯ ಬೀಗ ತೆಗೆಯುತ್ತಾಳೆ. ಕರಿಹಲಗೆ ಒರೆಸುತ್ತಾಳೆ. ಮೇಷ್ಟ್ರು ನಿಂತು ಪಾಠ ಮಾಡುವ ಮರದ ಮಣೆಯನ್ನು ಸರಿಸಿ ಅಡಿಯ ಕಸ ಗುಡಿಸುತ್ತಾಳೆ. ಕೊನೆಗೆ, ಪಾನಾಗಳನ್ನಿಟ್ಟ ಗಾಜಿನ ಬೀರುವಿನ ಧೂಳು ಹೊಡೆಯುತ್ತಾಳೆ. ಪಾನಾಗಳು ಹೊಸವು. ಇಪ್ಪತ್ತೆರಡು ವರ್ಷದಿಂದ ಹೊಸವು.

ಹನ್ನೊಂದು ವರ್ಷದಿಂದ ಅವಳ ಕೆಲಸ ಇದು. ಆದರೆ ಬೀದಿಯಲ್ಲಿ ಅವಳನ್ನು ಕರೆಯುವುದು ನಲ್ಲಿ ಅಕ್ಕ ಎಂದು. ನಲ್ಲಿ ಸೋರಿದರೆ, ಸಿಂಕು ಕಟ್ಟಿಕೊಂಡರೆ ಮಕ್ಕಳು ಅವಳ ಮನೆಗೇ ಓಡಿಬರುತ್ತಾರೆ. ಎದುರಿನ ಆಸ್ಪತ್ರೆಗೆ ಒಬ್ಬ ಪ್ಲಂಬರ್ ಬೇಕಾಗಿದೆ. ಅಲ್ಲಿ ಸರ್ಟಿಫಿಕೇಟ್ ಇಲ್ಲದವರನ್ನು ಗೇಟಿನೊಳಗೆ ಬಿಡುವುದಿಲ್ಲ.

"ಇಷ್ಟು ವರ್ಷ ಹೆಂಗಸರ ಬಟ್ಟೆ ಹೊಲಿದೆ, ನನ್ನನ್ನ ಒಬ್ಬರೂ ಸರ್ಟಿಫಿಕೇಟ್ ಕೇಳಲಿಲ್ಲ ಕಣೇ," ಎಂದ ಅಕ್ಕನ ಟೈಲರ್ ಗಂಡ, ಸೂಜಿಗೆ ದಾರ ಪೋಣಿಸುತ್ತ. "ನಿನ್ನನ್ನ ಕೇಳ್ತಾರಲ್ಲ, ಹೋಗಿ ಕೋರ್ಸಿಗೆ ಸೇರ್ಕೋ."

ಸೇರಿಕೊಳ್ಳುವುದು ಸುಲಭವಿರಲಿಲ್ಲ. ಹೆಂಗಸರ ಶೌಚಾಲಯದಲ್ಲಿ ನೀರಿದ್ದರೆ ಮಾತ್ರ ಹೆಂಗಸರಿಗೆ ಪ್ರವೇಶ ಎಂಬುದು ನಿಯಮ. ಶೌಚಾಲಯ ಇತ್ತು, ನೀರಿರಲಿಲ್ಲ. ಕೇಂದ್ರದವರು ನೀರಿನ ಸಂಪರ್ಕ ಕೇಳಿದಾಗ, ಇಲ್ಲಿ ಹೆಣ್ಣು ವಿದ್ಯಾರ್ಥಿಗಳೇ ಇಲ್ಲವಲ್ಲ, ಅಗತ್ಯ ಕಾಣುವುದಿಲ್ಲ ಎಂದು ಮೇಲಿನ ಕಚೇರಿ ಬರೆದಿತ್ತು. ಒಂಬತ್ತು ವರ್ಷದಿಂದ ಆ ಶೌಚಾಲಯದಲ್ಲಿ ಮುರಿದ ಕುರ್ಚಿಗಳಿದ್ದವು.

ಅಕ್ಕ ಒಂದು ಭಾನುವಾರ ಕುರ್ಚಿಗಳನ್ನು ಹೊರಗೆ ಹಾಕಿ, ಸ್ವಂತ ಪಾನಾ ತಂದು ಪೈಪು ಜೋಡಿಸಿದಳು. ನೀರು ಬಂತು. ಅರ್ಜಿ ಕೊಟ್ಟಳು.

ಪ್ರವೇಶದ ಕೊನೆಯ ದಿನ ಮಧ್ಯಾಹ್ನ ಮೂರಕ್ಕೆ ಶೌಚಾಲಯ ನೋಡಲು ಮೇಲಿನ ಕಚೇರಿಯ ಇನ್‌ಸ್ಪೆಕ್ಟರ್ ಬಂದರು. ನಲ್ಲಿ ತಿರುಗಿಸಿದರು, ಕೈ ತೊಳೆದುಕೊಂಡರು, ಕರವಸ್ತ್ರದಿಂದ ಒರೆಸಿಕೊಂಡರು.

"ಯಾರು ಮಾಡಿದ್ದು?"

"ನಾನೇ ಸಾರ್."

"ಸರ್ಟಿಫಿಕೇಟ್ ಇದೆಯಾ?"

"ಅದಕ್ಕೇ ಸಾರ್ ಅರ್ಜಿ ಹಾಕಿರೋದು."

"ಹಾಗಾದ್ರೆ ಇದು ಲೆಕ್ಕಕ್ಕಿಲ್ಲ. ಸರ್ಟಿಫಿಕೇಟ್ ಇಲ್ಲದೋರು ಪೈಪು ಮುಟ್ಟೋ ಹಾಗಿಲ್ಲ. ಮೇಷ್ಟ್ರೇ, ನೀವು ಬಿಚ್ಚಿ ನನ್ನೆದುರೇ ಮತ್ತೆ ಜೋಡಿಸಿ."

ಇಪ್ಪತ್ತೆರಡು ವರ್ಷ ಕರಿಹಲಗೆಯ ಮೇಲೆ ಅಚ್ಚುಕಟ್ಟಾಗಿ ಪೈಪು ಬರೆದವರು ಮೇಷ್ಟ್ರು. ಬೀರುವಿನಿಂದ ಪಾನಾ ತೆಗೆದು, ಅದಕ್ಕೆ ಕಟ್ಟಿದ್ದ ಬೆಲೆಚೀಟಿ ಬಿಚ್ಚಿ ಜೇಬಿಗಿಟ್ಟುಕೊಂಡರು. ಮೂರು ಸುತ್ತು ತಿರುಗಿಸಿದರು. ನೀರು ಚಿಮ್ಮಿ ಮೊದಲು ಅವರ ಕನ್ನಡಕಕ್ಕೆ, ಆಮೇಲೆ ಇನ್‌ಸ್ಪೆಕ್ಟರ ಎದೆಗೆ ಬಡಿಯಿತು.

"ಮೇನ್ ವಾಲ್ವ್ ಮುಚ್ರೀ!"

"ಎಲ್ಲಿದೆ ಸಾರ್ ಅದು?"

"ನನ್ನನ್ನ ಕೇಳ್ತೀರಲ್ರೀ!"

ಅಕ್ಕ ಕೈ ಕಟ್ಟಿ ಬಾಗಿಲಲ್ಲಿ ನಿಂತಿದ್ದಳು. "ತರಗತೀಲಿದೆ ಮೇಷ್ಟ್ರೇ, ಮಣೆ ಅಡಿ. ಇಪ್ಪತ್ತೆರಡು ವರ್ಷದಿಂದ ನೀವು ಅದರ ಮೇಲೇ ನಿಂತಿದೀರಿ."

"ನೋಡ್ಕೊಂಡು ನಿಂತಿದೀಯಲ್ಲಮ್ಮ, ಹೋಗಿ ಮುಚ್ಚು!"

"ಮುಟ್ಟೋ ಹಾಗಿಲ್ಲ ಅಂದ್ರಲ್ಲ ಸಾರ್."

"ನಾನೇ ಹೇಳ್ತಿದೀನಿ, ಮುಟ್ಟು!"

"ಬರೆದುಕೊಡಿ ಸಾರ್."

ನೀರು ಹೊಸ್ತಿಲು ದಾಟಿತ್ತು. ಮೇಷ್ಟ್ರು ಎರಡೂ ಅಂಗೈಯಿಂದ ಪೈಪಿನ ಬಾಯಿ ಒತ್ತಿ ಹಿಡಿದು, "ಬರೆದುಬಿಡಿ ಸಾರ್, ನಿಮ್ಮ ದಮ್ಮಯ್ಯ," ಎಂದರು. ಇನ್‌ಸ್ಪೆಕ್ಟರು ಅವರ ಬೆನ್ನ ಮೇಲೆ ಕಾಗದವಿಟ್ಟು ಬರೆದರು: 'ಈಕೆ ವಿದ್ಯಾರ್ಥಿನಿ. ಮೇಷ್ಟ್ರ ಸಮ್ಮುಖದಲ್ಲಿ ಪೈಪು ಮುಟ್ಟಲು ಅನುಮತಿ ಇದೆ.' ಶೌಚಾಲಯದ ವರದಿಯಲ್ಲಿ 'ನೀರಿನ ಲಭ್ಯತೆ' ಎಂಬಲ್ಲಿ 'ಧಾರಾಳ' ಎಂದು ಬರೆದು ಸಹಿ ಹಾಕಿದರು. ಶಾಯಿ ಸ್ವಲ್ಪ ಹರಡಿತು.

ಅಕ್ಕ ಕಾಗದವನ್ನು ಮಡಿಸಿಟ್ಟುಕೊಂಡು ವಾಲ್ವ್ ಮುಚ್ಚಿ ಬಂದಳು. ಪೈಪು ಜೋಡಿಸಲು ನಾಲ್ಕು ನಿಮಿಷ ಹಿಡಿಯಿತು. ಮೇಷ್ಟ್ರು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಅವಳ ಕೈಯನ್ನೇ ನೋಡುತ್ತಿದ್ದರು. "ಇನ್ನೊಂದು ಸಲ ಬಿಚ್ಚಿ ತೋರಿಸ್ತೀಯೇನಮ್ಮಾ?" ಎಂದು ಮೆಲ್ಲಗೆ ಕೇಳಿದರು.

ಅಕ್ಕನ ತರಗತಿ ಸೋಮವಾರ ಶುರುವಾಗುತ್ತದೆ. ಪಠ್ಯಕ್ರಮದ ಪ್ರಕಾರ ವಿದ್ಯಾರ್ಥಿಗಳ ಕೈಗೆ ಪಾನಾ ಕೊಡುವುದು ಎಂಟನೇ ತಿಂಗಳಲ್ಲಿ.