ಗೀಜರಿನ ಕೊಳವೆ

ಮಗಳು ಚೊಚ್ಚಲ ಹೆರಿಗೆಗೆ ಉಮರಗಾದಿಂದ ನಿಲಂಗಾದ ನಮ್ಮ ಮನೆಗೆ ಬರುವವಳಿದ್ದಳು. ತಾಮ್ರದ ಬಂಬಿಗೆ ಕಟ್ಟಿಗೆ ತುಂಬಿ ಬಾಣಂತಿಗೆ ನೀರು ಕಾಯಿಸುವುದು ನನ್ನ ಸೊಂಟಕ್ಕೆ ಆಗದ ಮಾತು. ಗ್ಯಾಸ್ ಗೀಜರ್ ತರೋಣವೆಂದು ನಾನೂ ಯಜಮಾನರೂ ಉದಗೀರಕ್ಕೆ ಹೋದೆವು.

ಅಂಗಡಿಯವನು ಮೊದಲು ತೋರಿಸಿದ್ದು ಕೊಳವೆ ಇಲ್ಲದ್ದು. ಬಚ್ಚಲಲ್ಲೇ ತೂಗುಹಾಕಿದರಾಯಿತು ಅಂದ. ಮನೆಮನೆಗೆ ಪೂಜೆಗೆ ಹೋಗುವ ಯಜಮಾನರಿಗೆ ಕೊಟ್ಟದ್ದೆಲ್ಲ ಪ್ರಸಾದ, ಇದಕ್ಕೂ ತಲೆಯಾಡಿಸಿದರು.

"ನಮ್ಮ ಬಂಬಿಗೂ ಚಿಮಣಿ ಅದ. ಇದಕ್ಕ್ಯಾಕಿಲ್ಲ?" ಅಂದೆ ನಾನು.

ಆಗ ಅವನು ಒಳಗಿನಿಂದ ಇನ್ನೊಂದು ತಂದ. ಅದರ ಹೊಗೆ ಕೊಳವೆಯಲ್ಲಿ ಗೋಡೆಯಾಚೆ ಹೋಗುತ್ತದೆ. ಅದನ್ನೇ ಕೊಂಡೆವು.

ಗೋಡೆ ಕೊರೆದದ್ದೇ ತಡ, ಅತ್ತೆ ಮುಖ ಗಂಟು ಹಾಕಿಕೊಂಡರು. ಬಾಣಂತಿಗೆ ಗಾಳಿ ಬಡಿಯಬಾರದೆಂಬುದು ಅವರಿಗೆ ದೇವರ ಮಾತು. ಅವರ ಚೊಚ್ಚಲ ಗಂಡುಕೂಸು ಬಾಣಂತಿ ಕೋಣೆಯಲ್ಲಿ ಮಲಗಿದ್ದು ಏಳಲಿಲ್ಲ. ಮಂಚದ ಕೆಳಗೆ ಕಾವಿಗೆಂದು ಇಟ್ಟ ಶೆಗಡಿಯಲ್ಲಿ ಕೆಂಡವಿತ್ತು. ಗಾಳಿ ಬಡಿದಿದೆ ಅಂದರು ಊರವರು. ಕಿಟಕಿಯ ಸಂದಿಗೆ ತುರುಕಿದ ಅರಿವೆ ಸಡಿಲಾಗಿತ್ತೇನೋ ಎಂದು ಅತ್ತೆ ಇವತ್ತಿಗೂ ತಮ್ಮನ್ನೇ ಬೈದುಕೊಳ್ಳುತ್ತಾರೆ.

ಮರುದಿನ ಹಿತ್ತಲಿಗೆ ಹೋಗಿ ನೋಡಿದರೆ ಕೊಳವೆಯ ಬಾಯಿಗೆ ಹಳೇ ಸೀರೆ ತುರುಕಿದ್ದಾರೆ. ನನಗೆ ಸಿಟ್ಟು ನೆತ್ತಿಗೇರಿತು.

"ಅತ್ತಿಯರ, ಹೊಗಿ ಒಳಗ ಉಳದ್ರ ವಾಸನಿ ಸುದ್ದಾ ಬರಂಗಿಲ್ರಿ. ಒಳಗಿದ್ದೋರು ಹಂಗೇ ನಿದ್ದಿ ಹೋಗತಾರ, ಏಳಂಗಿಲ್ಲ."

ಅವರು ಸೀರೆ ಎಳೆದು ತೆಗೆದರು. ಅದನ್ನು ಮಡಿಚುತ್ತ ಕೇಳಿದರು, "ಕೆಂಡಕ್ಕೂ ಹಂಗೇ ಆಗತದೇನು?"

ಪ್ರಶ್ನೆ ಎಲ್ಲಿಂದ ಬಂತೆಂದು ನನಗೆ ತಿಳಿಯಿತು. ಹೌದೆಂದರೆ ಈ ವಯಸ್ಸಿನಲ್ಲಿ ಅವರು ಅದನ್ನು ಹೇಗೆ ತಾಳಬೇಕು? ಇಲ್ಲವೆಂದರೆ ನನ್ನ ಮಗಳ ಮಂಚದ ಕೆಳಗೂ ಅದೇ ಶೆಗಡಿ ಬಂದೀತು.

"ಇಲ್ರಿ, ಗ್ಯಾಸಿಗಷ್ಟ," ಅಂದೆ. ಶೆಗಡಿಯ ವಿಚಾರ ಹೆರಿಗೆಯಾದ ಮೇಲೆ ನೋಡಿಕೊಂಡರಾಯಿತು ಅಂದುಕೊಂಡೆ.

ಮಗಳು ಆಸ್ಪತ್ರೆಯಿಂದ ಕೂಸಿನೊಂದಿಗೆ ಬಂದಳು. ಗೀಜರಿನ ನೀರನ್ನು ಅತ್ತೆಯೇ ಇಬ್ಬರಿಗೂ ಎರೆದು ಕೋಣೆಗೆ ಕರೆತಂದರು. ಇನ್ನು ಕೆಂಡ ತರಲು ಏಳುತ್ತಾರೆಂದು ನಾನು ಬಾಗಿಲಿಗೆ ಅಡ್ಡ ನಿಂತಿದ್ದೆ. ಅವರು ಶೆಗಡಿಯ ಸುದ್ದಿಗೇ ಹೋಗಲಿಲ್ಲ. ಕಿಟಕಿಯ ಎರಡೂ ಕದ ತೆರೆದು ಅಲ್ಲೇ ಕೆಳಗೆ ಕೂತರು.

"ಆಯಿ, ಗಾಳಿ ಬರ್ತದ," ಅಂದಳು ಮಗಳು ಅಜ್ಜಿಗೆ.

"ಬರ್ಲಿ ಬಿಡವ್ವಾ," ಅಂದರು ಅತ್ತೆ. "ಅಂವಗ ಸಿಗಲಿಲ್ಲ."